ಸರಾಸರಿಯ ಸುಳ್ಳು

ನಲವತ್ತು ದಾಟಿದ ಹೆಂಗಸೊಬ್ಬಳು ಹೊಸಪೇಟೆಯ ರಸ್ತೆಯಲ್ಲಿ ಓಡುತ್ತಿದ್ದರೆ ಒಂದೋ ಅವಳಿಗೆ ಬಸ್ ತಪ್ಪಿರಬೇಕು, ಇಲ್ಲವೇ ನಾಯಿ ಬೆನ್ನು ಹತ್ತಿರಬೇಕು, ಅದೂ ಅಲ್ಲದಿದ್ದರೆ ಡಾಕ್ಟರು ಶುಗರ್ ಅಂದಿರಬೇಕು. ಸುಮ್ಮನೆ ಓಡುವುದು ಎಂಬ ಕಾರಣವನ್ನು ನಮ್ಮೂರು ಒಪ್ಪುವುದಿಲ್ಲ. ಅನಂತಶಯನಗುಡಿ ದಾಟಿ ಕಡ್ಡಿರಾಂಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಬೆಳಿಗ್ಗೆ ಹಂಪಿಯ ಬಸ್ಸು ನನ್ನ ಪಕ್ಕಕ್ಕೇ ಬಂದು ನಿಧಾನವಾಯಿತು. ಕಂಡಕ್ಟರು ಬಾಗಿಲಿಗೆ ಬಂದು, "ಬರ್ರಿ ಅಕ್ಕಾರ, ಹತ್ರಿ, ಓಡಬ್ಯಾಡ್ರಿ" ಅಂದರು. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ವ್ಯಾಯಾಮಕ್ಕೆ ಓಡುತ್ತಿದ್ದೇನೆ ಅಂತ ಹೇಳಲು ನಾಲಿಗೆ ಏಳಲಿಲ್ಲ. ಹತ್ತಿಬಿಟ್ಟೆ. ಮೊಬೈಲಿನಲ್ಲಿದ್ದ ಆಧಾರ್ ತೋರಿಸಿ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ತೆಗೆದುಕೊಂಡು, ಬೆವರು ಒರೆಸಿಕೊಳ್ಳುತ್ತ ಹಂಪಿಯವರೆಗೂ ಕೂತೆ.

ನಾಚಿಕೆ ಇದ್ದದ್ದು ಓಟದ ಬಗ್ಗೆ ಅಲ್ಲ, ವೇಗದ ಬಗ್ಗೆ. ಸರಸರ ಓಡುವವಳಾಗಿದ್ದರೆ ಯಾವ ಕಂಡಕ್ಟರೂ ಕನಿಕರಪಟ್ಟು ಬಸ್ ನಿಧಾನ ಮಾಡಿಸುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮನೆ ಹೊಸಪೇಟೆ, ಶಾಲೆ ಸಂಡೂರು ತಾಲ್ಲೂಕು, ತವರು ಕಂಪ್ಲಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ನನ್ನ ಮನೆ ಒಂದು ಜಿಲ್ಲೆಗೆ ಬಿತ್ತು, ನೌಕರಿಯೂ ತವರೂ ಬಳ್ಳಾರಿಯಲ್ಲೇ ಉಳಿದವು. ಓಡಲು ಶುರು ಮಾಡಿದ್ದು ಯಾವ ದೊಡ್ಡ ಸಂಕಲ್ಪದಿಂದಲೂ ಅಲ್ಲ. ಶಾಲೆಯ ಮೆಟ್ಟಿಲು ಹತ್ತಿ ತರಗತಿಗೆ ಹೋದರೆ ಮೊದಲ ಲೆಕ್ಕ ಹೇಳುವಷ್ಟರಲ್ಲಿ ಏದುಸಿರು ಬರುತ್ತಿತ್ತು, ಹಿಂದಿನ ಬೆಂಚಿನ ಹುಡುಗರು ಅದನ್ನು ಅನುಕರಿಸಿ ನಗುತ್ತಿದ್ದರು. ಅಷ್ಟೇ. ಟಿ.ಬಿ. ಡ್ಯಾಂ ಕಡೆಯ ರಸ್ತೆಯಲ್ಲಿ ನಡೆದೆ, ಆಮೇಲೆ ಕಂಬದಿಂದ ಕಂಬಕ್ಕೆ ಓಡಿದೆ, ಆಮೇಲೆ ಯಾರೋ ಊರಿನ ಓಟಗಾರರ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದರು. ಕೆಟ್ಟದ್ದು ಅಲ್ಲಿಂದ.

ಆ ಗುಂಪಿನಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಎಲ್ಲರೂ ತಮ್ಮ ಆ್ಯಪಿನ ಚಿತ್ರ ಹಾಕುತ್ತಿದ್ದರು: ಎಷ್ಟು ದೂರ, ಎಷ್ಟು ಹೊತ್ತು, ಕಿಲೋಮೀಟರಿಗೆ ಎಷ್ಟು ನಿಮಿಷ. ಐದೂವರೆ, ಆರು, ಆರೂಕಾಲು. ನನ್ನದು ಹತ್ತರ ಹತ್ತಿರ. ಹತ್ತು ನಿಮಿಷಕ್ಕೆ ಒಂದು ಕಿಲೋಮೀಟರ್ ಎಂದರೆ ಸ್ವಲ್ಪ ಚುರುಕಾಗಿ ನಡೆಯುವವರ ವೇಗ. ಅದನ್ನು ಹೇಗೆ ಹಾಕುವುದು? ಉಸಿರು ಕಟ್ಟಿದಾಗ ಮೊದಲು ಗಡಿಯಾರ ನಿಲ್ಲಿಸುವುದು, ಆಮೇಲೆ ತಾನು ನಿಲ್ಲುವುದು ಎಂಬ ವಿದ್ಯೆಯನ್ನು ಆ ದಿನಗಳಲ್ಲಿ ಕಲಿತೆ. ನಡೆಯುವಾಗ ಗಡಿಯಾರ ನಿಂತಿರುತ್ತಿತ್ತು. ನೀರು ಕುಡಿಯುವಾಗ, ಏರು ಬಂದಾಗ, ನಾಯಿಗಳ ಹಿಂಡು ಕಂಡಾಗ ಎಲ್ಲ ನಿಂತಿರುತ್ತಿತ್ತು. ನಾನು ಓಡುವಾಗ ಮಾತ್ರ ಅದೂ ಓಡುತ್ತಿತ್ತು. ಹೀಗೆ ಹತ್ತನ್ನು ಎಂಟಕ್ಕೆ ಇಳಿಸಿದೆ. ಗುಂಪಿನಲ್ಲಿ ಹೆಬ್ಬೆರಳುಗಳು ಬಿದ್ದವು, "ಸೂಪರ್ ಮೇಡಂ" ಬಂತು.

ಎಂಟನೇ ತರಗತಿಯಲ್ಲಿ ರೈಲಿನ ಲೆಕ್ಕ ಕೊಡುತ್ತೇನೆ. ರೈಲು ಇಷ್ಟು ದೂರ ಹೋಗುತ್ತದೆ, ನಡುವೆ ಸ್ಟೇಷನ್ನಿನಲ್ಲಿ ಇಷ್ಟು ನಿಮಿಷ ನಿಲ್ಲುತ್ತದೆ, ಸರಾಸರಿ ವೇಗ ಎಷ್ಟು? ನಿಂತ ಹೊತ್ತನ್ನು ಬಿಟ್ಟು ಭಾಗಾಕಾರ ಮಾಡಿದ ಮಕ್ಕಳಿಗೆ ಅರ್ಧ ಅಂಕ ಕಡಿಯುತ್ತೇನೆ. ಅದೇ ತಪ್ಪನ್ನು ನಾನೇ ದಿನಾ ಮಾಡುತ್ತಿದ್ದೆ ಎಂಬ ಮಾತನ್ನು ಆಗ ಯಾರಿಗೂ ಹೇಳಿಕೊಂಡಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಸುಳ್ಳಿನ ತೊಂದರೆ ಏನೆಂದರೆ ಸ್ವಲ್ಪ ದಿನಕ್ಕೆ ಹೇಳಿದವರೇ ಅದನ್ನು ನಂಬುತ್ತಾರೆ. 2024ರ ಜನವರಿಯಲ್ಲಿ ಹಂಪಿಯಲ್ಲಿ ಹತ್ತು ಕಿಲೋಮೀಟರಿನ ಓಟವೊಂದಕ್ಕೆ ಹೆಸರು ಕೊಟ್ಟೆ, ಎಂಟರ ಲೆಕ್ಕದಲ್ಲಿ ಎಂಬತ್ತು ನಿಮಿಷ ಸಾಕು ಎಂದುಕೊಂಡು. ಎದೆಗೆ ಚುಚ್ಚಿಕೊಂಡ ನಂಬರಿನ ಹಿಂದೆ ಒಂದು ಚಿಪ್ ಅಂಟಿಸಿರುತ್ತಾರೆ. ಅದಕ್ಕೆ ನಿಲ್ಲಿಸುವ ಗುಂಡಿ ಇರುವುದಿಲ್ಲ. ಮೊದಲ ಎರಡು ಕಿಲೋಮೀಟರ್ ಜನರ ಜೊತೆ ಹಾರಿದೆ. ಕೃಷ್ಣ ದೇವಸ್ಥಾನದಿಂದ ಹೇಮಕೂಟದ ಕಡೆಗೆ ರಸ್ತೆ ಏರುತ್ತದಲ್ಲ, ಸಾಸಿವೆಕಾಳು ಗಣೇಶನ ಹತ್ತಿರ, ಅಲ್ಲಿಗೆ ಬರುವಾಗ ಸುತ್ತ ಯಾರೂ ಇರಲಿಲ್ಲ. ಹಿಂದೆ ತಿರುಗಿದರೆ ಆಂಬುಲೆನ್ಸ್ ಇತ್ತು. ಅದು ಯಾರನ್ನೋ ಎತ್ತಿಕೊಳ್ಳಲು ಬಂದಿದ್ದಲ್ಲ. ಕೊನೆಯ ಓಟಗಾರರ ಹಿಂದೆ ಬರಬೇಕೆಂಬ ನಿಯಮಕ್ಕೆ ಬರುತ್ತಿತ್ತು. ಬೈಕಿನಲ್ಲಿದ್ದ ಸ್ವಯಂಸೇವಕ ಹುಡುಗ ತುಂಬ ಮರ್ಯಾದೆಯಿಂದ ಕೇಳಿದ: "ಆಂಟಿ, ಗಾಡಿ ಹತ್ತತೀರೇನ್ರಿ? ಪರವಾಗಿಲ್ರಿ." ಈ ಸಲ ಹತ್ತಲಿಲ್ಲ. ಮುಗಿಸುವಾಗ ಒಂದು ಗಂಟೆ ನಲವತ್ತು ನಿಮಿಷ ದಾಟಿತ್ತು. ಕಮಾನು ಬಿಚ್ಚುತ್ತಿದ್ದರು, ಬಾಳೆಹಣ್ಣಿನ ಪುಟ್ಟಿಯಲ್ಲಿ ಸಿಪ್ಪೆ ಇತ್ತು.

ಗಣಿತದವರಿಗೆ ಒಂದು ದುರಭ್ಯಾಸ, ಸಂಖ್ಯೆ ಸಿಕ್ಕರೆ ಹೋಲಿಸದೆ ಇರಲಾಗುವುದಿಲ್ಲ. ಕೀನ್ಯಾದ ಎಲಿಯುಡ್ ಕಿಪ್‌ಚೊಗೆ 2019ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಇಡೀ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ನಾನು ಹತ್ತು ಮುಗಿಸುವ ಹೊತ್ತಿಗೆ ಅವರು ಮೂವತ್ತೈದು ದಾಟಿರುತ್ತಾರೆ. ನಮ್ಮವರೇ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ್ದರು, ಆ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕ ಯಾರೂ ಮುಟ್ಟಲಿಲ್ಲ. ಅಷ್ಟು ದೂರವೂ ಬೇಡ, ನಾನು ಕೆಲಸ ಮಾಡುವ ತಾಲ್ಲೂಕಿನಲ್ಲೇ, ತೋರಣಗಲ್ಲಿನ ಪಕ್ಕದ ವಿಜಯನಗರ ಟೌನ್‌ಷಿಪ್ಪಿನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ನೀರಜ್ ಚೋಪ್ರಾ ಅಂಥವರು ಅಭ್ಯಾಸ ಮಾಡಿದ ಜಾಗ. ಇಂಥವರ ಜೊತೆ ಹೋಲಿಸಿಕೊಂಡಾಗ ನನಗೆ ಏನೂ ಅನ್ನಿಸಲಿಲ್ಲ, ನಗು ಬಂತು. ಹೊಟ್ಟೆಕಿಚ್ಚಾದದ್ದು ನಮ್ಮದೇ ಗುಂಪಿನ, ನನಗಿಂತ ಎಂಟು ವರ್ಷ ದೊಡ್ಡವರಾದ, ದಿನಾ ಸಂಜೆ ಮಂಡಕ್ಕಿ ಒಗ್ಗರಣೆ ಮಿರ್ಚಿ ತಿನ್ನುವ ಒಬ್ಬರು ಅದೇ ಹತ್ತನ್ನು ಎಪ್ಪತ್ತೆರಡು ನಿಮಿಷದಲ್ಲಿ ಮುಗಿಸಿದ್ದಕ್ಕೆ.

ಹಟ ಹಿಡಿಯಿತು. ಆ ವರ್ಷ ಬೇಸಿಗೆಯ ಮುಂಚೆಯೇ ನನ್ನ ತರಬೇತಿ ಸಂಡೂರಿಗೆ ಬದಲಾಯಿತು. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಶಾಲೆಗೆ ಮುಂಚೆ ಓಡಿ, ಅಲ್ಲೇ ಪರಿಚಯದವರ ಮನೆಯಲ್ಲಿ ಮುಖ ತೊಳೆದು ಸೀರೆ ಉಟ್ಟು ಪಾಠಕ್ಕೆ ಹೋಗುವುದು. ಸಂಡೂರಿನ ರಸ್ತೆಗಳು ಹೊಸಪೇಟೆಯವಲ್ಲ. ಸುತ್ತ ಗುಡ್ಡ, ಎತ್ತ ಓಡಿದರೂ ಒಂದು ಏರು. ಆ ಏರುಗಳೇ ನನ್ನನ್ನು ಗಟ್ಟಿ ಮಾಡುತ್ತವೆ ಎಂದು ಎಲ್ಲೋ ವಿಡಿಯೊ ನೋಡಿದ್ದೆ. ಜೊತೆಗೆ ಅದಿರಿನ ಲಾರಿಗಳು. ಗಣಿ ಜೋರಾಗಿದ್ದ ವರ್ಷಗಳಲ್ಲಿ ಈ ಕಡೆ ಗಿಡದ ಎಲೆಯೂ ಕೆಂಪು, ಒಣಗಲು ಹಾಕಿದ ಬಟ್ಟೆಯೂ ಕೆಂಪು ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಮಿತಿ ಹಾಕಿ ಮತ್ತೆ ಬಿಟ್ಟ ಮೇಲೆ ಧೂಳು ಕಡಿಮೆಯಾಗಿದೆ, ಹೋಗಿಲ್ಲ. ನನ್ನ ಬಿಳಿ ಶೂ ಮೂರನೇ ವಾರಕ್ಕೆ ಇಟ್ಟಿಗೆ ಬಣ್ಣಕ್ಕೆ ಬಂದು ಹಾಗೇ ಉಳಿಯಿತು.

ಅಲ್ಲಿನ ಮೈದಾನದಲ್ಲಿ ಹುಡುಗರು ಓಡುತ್ತಿದ್ದರು, ಪೊಲೀಸ್ ಕಾನ್‌ಸ್ಟೆಬಲ್, ಅಗ್ನಿವೀರ್ ಭರ್ತಿಗೆ ತಯಾರಾಗುವವರು. ಸೇನೆಯ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವರಿಗೆ ಪೂರ್ತಿ ಅಂಕ. ಅದಾದ ಮೇಲೆ ಬಂದವರಿಗೆ ಕಡಿಮೆ, ಇನ್ನೂ ತಡವಾದರೆ ಮನೆಗೆ. ಹತ್ತು ಸೆಕೆಂಡಿಗೆ ಒಂದು ಮನೆಯ ಬದುಕೇ ಆಚೀಚೆ ಆಗುವಂಥ ಓಟ ಅದು. ಅವರ ನಡುವೆ ನನ್ನ ನಾಚಿಕೆ ಎಂಥ ಹೊಟ್ಟೆ ತುಂಬಿದವರ ನಾಚಿಕೆ ಎಂದು ಆಗಲೇ ಹೊಳೆಯಬೇಕಿತ್ತು. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಲೆಕ್ಕ ಬಿಡಿಸಲು ತುಂಬ ಹೊತ್ತು ತೆಗೆದುಕೊಳ್ಳುತ್ತಿದ್ದ ಹುಡುಗ, "ಲಗೂನ ಮಾಡೋ, ಉಳಿದವರೆಲ್ಲ ಮುಗಿಸ್ಯಾರ" ಎಂದು ನಾನು ದಿನಾ ಅವಸರ ಮಾಡುತ್ತಿದ್ದವನು. ಕೆಲವು ದಿನ ನನ್ನನ್ನು ನೋಡಿ ಕೊನೆಗೆ ಹತ್ತಿರ ಬಂದ. "ಮಿಸ್, ದಿನಾ ಜೋರ್ ಓಡಬ್ಯಾಡ್ರಿ. ನಾವೂ ವಾರದಾಗ ಎರಡ ದಿನಾನ ಜೋರ್ ಓಡೋದು. ಉಳಿದ ದಿನ ಮಾತಾಡಿಕೋತ ಓಡ್ತೀವಿ. ಕಾಲು ಹೋಗ್ತಾವ್ರಿ."

ಹೂಂ ಅಂದೆ. ಕೇಳಲಿಲ್ಲ. ಗಣಿತದಲ್ಲಿ ಮೂವತ್ತೈದು ತೆಗೆದ ಹುಡುಗ ನನಗೇನು ಹೇಳುತ್ತಾನೆ ಎಂಬ ಭಾವ ಒಳಗಿತ್ತು. ಅದನ್ನು ಬರೆಯಲು ಈಗ ಕೈ ಹಿಂದೇಟು ಹಾಕುತ್ತದೆ, ಆದರೆ ಇತ್ತು.

ಜುಲೈನಲ್ಲಿ ಎಡಗಾಲ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಒಳಬದಿಗೆ, ಒಂದು ನೋವು ಶುರುವಾಯಿತು. ಓಟದ ಮೊದಲ ಹತ್ತು ನಿಮಿಷ ಇದ್ದು ಆಮೇಲೆ ಹೋಗುತ್ತಿತ್ತು. ಮುಲಾಮು ಹಚ್ಚಿದೆ. ಆಮೇಲೆ ಓಟ ಮುಗಿದ ಮೇಲೂ ಉಳಿಯತೊಡಗಿತು. ಬಟ್ಟೆ ಸುತ್ತಿಕೊಂಡು ಓಡಿದೆ. ಕೊನೆಗೆ ಕರಿಹಲಗೆಯ ಮುಂದೆ ನಿಂತರೂ ನೋಯುವ ಹಾಗಾಯಿತು, ಬೆರಳಿಟ್ಟು ಇಲ್ಲೇ ಎಂದು ತೋರಿಸುವಷ್ಟು ಒಂದೇ ಕಡೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐಯಲ್ಲಿ ಕಂಡಿತು. ಸ್ಟ್ರೆಸ್ ಫ್ರ್ಯಾಕ್ಚರ್, ಕೂದಲೆಳೆಯಷ್ಟು ಬಿರುಕು.

ಡಾಕ್ಟರು ಹೇಳಿದ್ದನ್ನು, ಆಮೇಲೆ ನಾನೇ ಓದಿಕೊಂಡದ್ದನ್ನು, ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನನ್ನ ಗುಂಪಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಓಡಲು ಶುರು ಮಾಡಿದಾಗ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಹೃದಯ, ಉಸಿರು, ರಕ್ತ ಇವು ಕೆಲವೇ ವಾರಗಳಲ್ಲಿ ಚುರುಕಾಗುತ್ತವೆ. ಸ್ನಾಯು ಅದರ ಹಿಂದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ನರದಂಥ ಹಗ್ಗಗಳು ಇನ್ನೂ ಹಿಂದೆ. ಎಲುಬಿನ ಕತೆಯೇ ಬೇರೆ. ಹೊಸ ಭಾರ ಬಿದ್ದಾಗ ಎಲುಬು ಮೊದಲು ಹಳೆಯ ಅಂಶವನ್ನು ತಾನೇ ಕರಗಿಸಿಕೊಳ್ಳುತ್ತದೆ, ಇದಕ್ಕೆ ಕೆಲವು ವಾರ ಸಾಕು. ಆ ಜಾಗದಲ್ಲಿ ಹೊಸ ಎಲುಬು ಕಟ್ಟಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಂದರೆ ನಡುವಿನ ಅವಧಿಯಲ್ಲಿ ಎಲುಬು ಮೊದಲಿಗಿಂತ ದುರ್ಬಲ. ನಮಗೆ ಉಸಿರು ಹತ್ತಿ, ಹುರುಪು ಬಂದು, ಇನ್ನು ಜೋರು ಮಾಡೋಣ ಅನ್ನಿಸುವುದು ಸರಿಯಾಗಿ ಆ ಹೊತ್ತಿನಲ್ಲೇ. ಎದೆ ತಯಾರಾಗಿರುತ್ತದೆ, ಕಾಲು ಇನ್ನೂ ಕಟ್ಟಡದ ಕೆಲಸದಲ್ಲಿರುತ್ತದೆ. ನಲವತ್ತು ದಾಟಿದ ಹೆಂಗಸರಿಗೆ ಈ ಕಟ್ಟಡದ ಕೆಲಸ ಇನ್ನೂ ನಿಧಾನ.

ಅದೇ ವರ್ಷ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ನಮ್ಮ ಡ್ಯಾಮಿಗೆ 33 ಗೇಟು, ಏಳು ದಶಕದ ಭಾರ. ಊರಿಗೆ ಊರೇ ಆ ಕಡೆ ನೋಡುತ್ತಿತ್ತು, ಕಂಪ್ಲಿಯ ಸೇತುವೆ ಮುಳುಗುತ್ತದೋ ಎಂದು ಅವ್ವ ಫೋನ್ ಮಾಡುತ್ತಿದ್ದಳು, ತುಂಬಿದ ನೀರನ್ನು ನದಿಗೆ ಬಿಡುತ್ತಿದ್ದರೆ ರೈತರ ಮುಖ ನೋಡಲಾಗುತ್ತಿರಲಿಲ್ಲ. ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ವಾರದೊಳಗೆ ನೀರು ನಿಲ್ಲಿಸಿತು. ನಾನು ಕಾಲು ಮೇಲಿಟ್ಟು ಕೂತು ಟಿ.ವಿ.ಯಲ್ಲಿ ಇದನ್ನೆಲ್ಲ ನೋಡಿದೆ. ಮೇಲೆ ಬಣ್ಣ ಹೊಡೆದು ಚೆನ್ನಾಗೇ ಕಾಣುತ್ತಿದ್ದ ಗೇಟಿನ ಒಳಗೆ ಒಂದು ಕೊಂಡಿ ದಿನಾ ಸವೆಯುತ್ತಿತ್ತು ಎಂದು ವರದಿಗಾರ ಹೇಳುವಾಗ ನನ್ನ ಕೈ ತಾನಾಗಿ ಎಡಗಾಲಿನ ಮೇಲೆ ಹೋಯಿತು.

ಓಡದೆ ಕೂತ ಆ ತಿಂಗಳುಗಳಲ್ಲಿ ಓದಿದ್ದರಲ್ಲಿ ಎರಡು ಸಂಗತಿ ಮನಸ್ಸಿಗೆ ಹತ್ತಿದವು. ಒಂದು ನಮ್ಮ ಊರಿನದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬೆಳಗನ್ನು ಬಣ್ಣಿಸಿದ್ದಾನೆ. ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿ, ಮಣ್ಣಿನ ಭಾರದ ಗುಂಡುಗಳನ್ನು ಎತ್ತಿ, ಕುಡಿದ ಎಣ್ಣೆ ಬೆವರಾಗುವ ತನಕ ಕತ್ತಿ ಬೀಸಿ, ಜಟ್ಟಿಯ ಜೊತೆ ಕುಸ್ತಿ ಹಿಡಿದು, ಆಮೇಲೆ ಬೆಳಗಾಗುವವರೆಗೆ ಬಯಲಲ್ಲಿ ಕುದುರೆ ಓಡಿಸುತ್ತಿದ್ದನಂತೆ. ಓಡುತ್ತಿದ್ದದ್ದು ಕುದುರೆ, ರಾಯನಲ್ಲ ಎಂಬುದನ್ನು ಗಮನಿಸಿ ನನಗೆ ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ದೂರದ್ದು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್, ಮುಂದೆ ನೈಕಿ ಕಂಪನಿ ಕಟ್ಟಿದವರಲ್ಲಿ ಒಬ್ಬರು, 1962ರ ಕೊನೆಗೆ ನ್ಯೂಜಿಲೆಂಡಿಗೆ ಹೋಗಿದ್ದರು. ಅಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ಕೋಚ್ ಸಾಮಾನ್ಯ ಜನರನ್ನು, ಹೃದಯದ ತೊಂದರೆ ಇದ್ದವರನ್ನೂ, ಮಾತಾಡುತ್ತ ಓಡುವ ವೇಗದಲ್ಲಿ ಓಡಿಸುತ್ತಿದ್ದರು. ಜೊತೆಗೆ ಹೊರಟ ಬೋವರ್‌ಮನ್, ದೇಶದ ದೊಡ್ಡ ಓಟಗಾರರನ್ನು ತಯಾರು ಮಾಡಿದಾತ, ಸ್ವಲ್ಪ ಹೊತ್ತಿಗೇ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಮುದುಕರೊಬ್ಬರು ಅವರಿಗಾಗಿ ತಮ್ಮ ವೇಗ ತಗ್ಗಿಸಿ, ಹರಟುತ್ತ ಜೊತೆಗೆ ಓಡಿದರಂತೆ. ಊರಿಗೆ ಮರಳಿದ ಬೋವರ್‌ಮನ್ ಊರವರಿಗೆಲ್ಲ ನಿಧಾನ ಓಟ ಕಲಿಸಲು ಹೊರಟರು. 1967ರಲ್ಲಿ ಒಬ್ಬ ಹೃದಯ ತಜ್ಞರ ಜೊತೆ ಸೇರಿ ಅವರು ಹೊರತಂದ 'ಜಾಗಿಂಗ್' ಪುಸ್ತಕದಿಂದ ಆ ಪದ ಜಗತ್ತಿಗೆ ಹಬ್ಬಿತು. ಸಂಡೂರಿನ ಹುಡುಗ ಹೇಳಿದ್ದು, ಮಾತಾಡಿಕೊಂಡು ಓಡಿ ಎಂದು, ಇದೇ ವಿದ್ಯೆ. ಅವನು ಲಿಡಿಯಾರ್ಡ್ ಹೆಸರು ಕೇಳಿರಲಿಕ್ಕಿಲ್ಲ.

ಡಾಕ್ಟರು ಒಪ್ಪಿದ ಮೇಲೆ ಮತ್ತೆ ಶುರು ಮಾಡಿದ್ದು ಕಂಪ್ಲಿಯಲ್ಲಿ, ರಜೆಗೆ ಹೋದಾಗ. ಅಲ್ಲಿ ಏರಿಲ್ಲ, ಇಳಿಜಾರಿಲ್ಲ. ಗದ್ದೆ, ಕಬ್ಬು, ಬಾಳೆ, ಅವುಗಳ ನಡುವೆ ಕಾಲುವೆಯ ಏರಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಗಡಿಯಾರ ಈ ಸಲ ನಿಲ್ಲಿಸಲಿಲ್ಲ. ಬಂದ ಸಂಖ್ಯೆ ಹನ್ನೊಂದೂವರೆ. ಅವ್ವ ಬಾಗಿಲಲ್ಲಿ ಕೂತು, "ಅಷ್ಟ ದೂರ ಹೋಗಿ ಮತ್ತ ಅಷ್ಟ ದೂರ ಬರಾಕ ಒಂದ ತಾಸ ಬೇಕೇನವ್ವ ನಿನಗ?" ಎಂದು ಕೇಳಿದಳು. ಕೇಳಿದ್ದು ಗೇಲಿಗಲ್ಲ, ನಿಜವಾಗಿ ತಿಳಿಯಲು.

ಜನವರಿಯಲ್ಲಿ ಅಲ್ಲಿ ಎರಡನೇ ಬೆಳೆಯ ನಾಟಿ ನಡೆದಿತ್ತು. ಸಾಲಾಗಿ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಸಸಿ ಹಚ್ಚುವ ಹೆಂಗಸರನ್ನು ಏರಿಯ ಮೇಲಿಂದ ನೋಡಿ, ಆಹಾ ಎಂಥ ನಿಧಾನ, ಎಂಥ ತಾಳ್ಮೆ ಎಂದು ಮನಸ್ಸಿನಲ್ಲೇ ಒಂದು ಪಾಠ ಹೊಸೆಯತೊಡಗಿದ್ದೆ. ವಿಚಾರಿಸಿದರೆ ಅವರದು ಎಕರೆಗೆ ಇಷ್ಟು ಎಂಬ ಗುತ್ತಿಗೆ. ಬೇಗ ಮುಗಿಸಿದರೆ ಇನ್ನೊಂದು ಗದ್ದೆ ಸಿಗುತ್ತದೆ, ಹಾಗಾಗಿ ಕೈ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಓಡುತ್ತಿತ್ತು. ದೂರದಿಂದ ನಿಧಾನ ಕಂಡದ್ದು ನನಗೆ ಮಾತ್ರ. ಪಾಠ ಅಲ್ಲಿಗೇ ಬಿಟ್ಟೆ.

ನಿಜವಾಗಿ ಕಲಿತದ್ದು ಕೊಟ್ಟೂರಿನ ದಾರಿಯಲ್ಲಿ. ಗುರು ಬಸವೇಶ್ವರರ ತೇರಿಗೆ ಹೊಸಪೇಟೆಯಿಂದ, ಬಳ್ಳಾರಿಯಿಂದ, ದಾವಣಗೆರೆಯಿಂದ ಸಾವಿರಾರು ಜನ ನಡೆದೇ ಹೋಗುತ್ತಾರೆ. ನಮ್ಮ ಕಡೆಯಿಂದ ಹಗರಿಬೊಮ್ಮನಹಳ್ಳಿ ದಾಟಿ ಹೋಗಬೇಕು, ಅರವತ್ತು ಕಿಲೋಮೀಟರಿಗೂ ಹೆಚ್ಚು. 2025ರಲ್ಲಿ ಸಹೋದ್ಯೋಗಿಗಳ ಜೊತೆ ಹೊರಟೆ, ಓಡುವವಳೆಂಬ ಸಣ್ಣ ಜಂಭದಲ್ಲಿ. ದಾರಿಯುದ್ದಕ್ಕೂ ಮಜ್ಜಿಗೆ, ಚಿತ್ರಾನ್ನ, ಬಾಳೆಹಣ್ಣು. ಕಾಲು ತಿಕ್ಕಿ ಎಣ್ಣೆ ಹಚ್ಚಲು ಕೂತ ಹುಡುಗರು. ಬೆಳಗಿನ ಜಾವ ಒಬ್ಬ ಅಜ್ಜಿ ನನ್ನನ್ನು ದಾಟಿ ಹೋದಳು. ಹವಾಯಿ ಚಪ್ಪಲಿ, ತಲೆಯ ಮೇಲೆ ಗಂಟು. ನಾನು ಮಜ್ಜಿಗೆಗೆ ನಿಂತಾಗ ಅವಳು ಮುಂದೆ, ಅವಳು ಎಲೆ ಅಡಿಕೆಗೆ ಕೂತಾಗ ನಾನು ಮುಂದೆ. ಹೀಗೆ ಮಧ್ಯಾಹ್ನದ ತನಕ. ಎಷ್ಟು ವರ್ಷದಿಂದ ಬರುತ್ತಿದ್ದೀರಿ ಎಂದೆ. "ನಮ್ಮತ್ತಿ ಜೋಡಿ ಬರತಿದ್ದೆ. ಈಗ ಅಕಿ ಇಲ್ಲ." ಎಷ್ಟು ಹೊತ್ತಿಗೆ ಮುಟ್ಟುತ್ತೀರಿ ಎಂದೆ. ತೇರು ಎಳೆಯುವ ಮುಂಚೆ ಎಂದಳು. ಇಡೀ ದಾರಿಯಲ್ಲಿ ಅವಳಿಗಿದ್ದ ಗಡುವು ಅದೊಂದೇ. ನಡುವೆ ಎಷ್ಟು ಸಲ ಕೂತಳೆಂಬುದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ, ಅವಳು ಯಾರಿಂದಲೂ ಮುಚ್ಚಿಡಲೂ ಇಲ್ಲ. ಕೂತದ್ದು ಪ್ರಯಾಣದ ಭಾಗವೇ ಆಗಿತ್ತು. ನಾನು ಎಂಟನೇ ತರಗತಿಯಲ್ಲಿ ಹೇಳುವುದೂ ಅದನ್ನೇ, ನಿಂತ ಹೊತ್ತನ್ನೂ ಸೇರಿಸು ಎಂದು.

ಈಗ ನನ್ನ ಹತ್ತು ಕಿಲೋಮೀಟರಿನ ವೇಗ, ನಡೆದದ್ದು, ನಿಂತದ್ದು, ಎಳನೀರು ಕುಡಿದದ್ದು ಎಲ್ಲ ಸೇರಿ, ಒಂಬತ್ತರ ಆಸುಪಾಸು. ಸುಳ್ಳಿನ ಎಂಟನ್ನು ಇನ್ನೂ ಮುಟ್ಟಿಲ್ಲ. ಗುಂಪಿನಲ್ಲಿ ಇದನ್ನೇ ಹಾಕುತ್ತೇನೆ. ಮೊದಲ ಸಲ ಹಾಕಿದಾಗ ಒಬ್ಬರು "ಮೇಡಂ, ಹುಷಾರಿಲ್ವಾ?" ಎಂದು ಕೇಳಿದರು. ಹಳೆಯ ಸಂಖ್ಯೆಗಳು ಹೇಗೆ ಬಂದಿದ್ದವೆಂದು ಹೇಳಿದೆ. ಅರ್ಧ ಗಂಟೆ ಗುಂಪು ಮೌನವಾಗಿತ್ತು. ಆಮೇಲೆ ಇಬ್ಬರು ಬೇರೆ ಬೇರೆಯಾಗಿ ನನಗೆ ಮಾತ್ರ ಸಂದೇಶ ಕಳಿಸಿದರು, ತಾವೂ ಹೀಗೇ ಗಡಿಯಾರ ನಿಲ್ಲಿಸುತ್ತೇವೆ ಎಂದು. ಅವರಲ್ಲೊಬ್ಬರು ಆರೂಕಾಲಿನವರು.

ಸುಧಾರಣೆ ಸಂಖ್ಯೆಯಲ್ಲಿ ಕಾಣುವುದಕ್ಕೆ ಮುಂಚೆ ಬೇರೆ ಕಡೆ ಕಂಡಿತು. ಹೇಮಕೂಟದ ಆ ಏರಿನಲ್ಲಿ ಒಂದು ಬೆಳಿಗ್ಗೆ ಗೆಳತಿಗೆ ಹಾಜರಾತಿ ಪುಸ್ತಕದ ರಗಳೆ ಹೇಳುತ್ತ ಓಡುತ್ತಿದ್ದೆ. ಹೇಳಿ ಮುಗಿಸಿದಾಗ ಇಳಿಜಾರಿನಲ್ಲಿದ್ದೆವು, ವಿರೂಪಾಕ್ಷನ ಗೋಪುರ ಎದುರಿಗಿತ್ತು. ಏರು ಯಾವಾಗ ಮುಗಿಯಿತೆಂದು ತಿಳಿಯಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿ ಒಂದೇ ಉಸಿರಿಗೆ ಲೆಕ್ಕ ಹೇಳುತ್ತೇನೆ, ಹಿಂದಿನ ಬೆಂಚಿನವರಿಗೆ ಅನುಕರಿಸಲು ಬೇರೆ ಏನಾದರೂ ಹುಡುಕಬೇಕಾಗಿದೆ.

ಓಟದಿಂದ ನಾನು ತಾಳ್ಮೆಯ ಶಿಕ್ಷಕಿಯಾದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಬಂದರೆ ಈಗಲೂ "ಲಗೂ ಲಗೂ" ಅನ್ನುತ್ತೇನೆ, ಮೂರು ಗಂಟೆಯ ಪರೀಕ್ಷೆ ನಿಧಾನದವರಿಗಾಗಿ ನಿಲ್ಲುವುದಿಲ್ಲ. ಬದಲಾದದ್ದು ಒಂದು ಸಣ್ಣದು. ತರಗತಿಯಲ್ಲಿ ಮೊದಲ ನಾಲ್ಕು ಕೈ ಎದ್ದ ಕೂಡಲೇ ಕರಿಹಲಗೆಯ ಮೇಲೆ ಉತ್ತರ ಬರೆಯುತ್ತಿದ್ದೆ. ಈಗ ಬರೆಯುವುದಿಲ್ಲ. ಕೈ ಎತ್ತಿದವರಿಗೆ ಇನ್ನೊಂದು ಲೆಕ್ಕ ಕೊಟ್ಟು, ಉಳಿದವರ ಬೆಂಚುಗಳ ನಡುವೆ ಓಡಾಡುತ್ತೇನೆ. ಆ ಸಂಡೂರಿನ ಹುಡುಗನಿಗೆ ಭರ್ತಿಯಲ್ಲಿ ಮೊದಲ ಸಲ ಆಗಲಿಲ್ಲ, ಮತ್ತೆ ತಯಾರಾಗುತ್ತಿದ್ದಾನೆ. ಮೈದಾನದಲ್ಲಿ ಸಿಕ್ಕಾಗ ಅವನ ಮಾತು ಕೇಳದೆ ಕಾಲು ಮುರಿದುಕೊಂಡದ್ದನ್ನು ಹೇಳಿದೆ. "ನಿಮಗ ಆವಾಗ್ಲೇ ಹೇಳಿದ್ನಲ್ರೀ ಮಿಸ್" ಎಂದು, ಪೂರ್ತಿ ಅಧಿಕಾರದಿಂದ, ಬೈದ.

ಸೆಪ್ಟೆಂಬರಿನಲ್ಲಿ ಸಂಡೂರು ಹಸಿರಾದಾಗ ಕುಮಾರಸ್ವಾಮಿ ಗುಡಿಯ ಕಡೆಗೆ ಹೋಗೋಣವೆಂದು ಗೆಳತಿಯರು ಹೇಳಿದ್ದಾರೆ. ಏರೆಲ್ಲ ನಡೆಯುವುದು, ಸಪಾಟು ಸಿಕ್ಕಲ್ಲಿ ಓಡುವುದು, ಗುಡಿಯ ಹತ್ತಿರ ಬುತ್ತಿ ಬಿಚ್ಚುವುದು ಎಂದು ನಿರ್ಧಾರವಾಗಿದೆ. ರೊಟ್ಟಿ ನನ್ನ ಪಾಲಿಗೆ ಬಂದಿದೆ.